ಲಿಮಿಟ್ ಪೋಕರ್: ದೊಡ್ಡ ಟೇಬಲ್‌ಗೆ ಏರುವ ಮುನ್ನ

ಬೆಳಗಾವಿ, ಹುಬ್ಬಳ್ಳಿಯಿಂದ ಪಣಜಿಗೆ ಹೊರಡುವವರು ಮೊದಲು ಫೋನ್ ಮಾಡಿ ಲಿಮಿಟ್ ಟೇಬಲ್ (ಬೆಟ್, ಅಂದರೆ ಪಣದ ಮೊತ್ತ ಮೊದಲೇ ನಿಗದಿಯಾಗಿರುವ ಪೋಕರ್) ಇದೆಯೇ ಎಂದು ಕೇಳಿಕೊಳ್ಳಿ. ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಅಂಥ ಮಿತಿಯಿಲ್ಲದ ನೋ-ಲಿಮಿಟ್ ಆಟವೇ ಹೆಚ್ಚು. ವಯಸ್ಸು 21 ತುಂಬಿರಬೇಕು.

100-200ರ ಆಟದಲ್ಲಿ ಫ್ಲಾಪ್‌ವರೆಗೆ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಬೆಟ್ 100, ಟರ್ನ್ ಮತ್ತು ರಿವರ್‌ನಲ್ಲಿ (ನಾಲ್ಕನೇ, ಐದನೇ ಎಲೆ) 200. ಈ 200 ಒಂದು ದೊಡ್ಡ ಬೆಟ್. ಅಂಥ 300 ಬೆಟ್, ಅಂದರೆ 60,000 ರೂಪಾಯಿ, ಮನೆಖರ್ಚಿನಿಂದ ಬೇರೆ ಇರಲಿ. 200-400ಕ್ಕೆ ಏರಲು 1,20,000.

ನಾಲ್ಕು ರಾತ್ರಿ ಗೆದ್ದ ಮಾತ್ರಕ್ಕೆ ದಯವಿಟ್ಟು ಏರಬೇಡಿ. ಲೈವ್ ಟೇಬಲ್‌ನಲ್ಲಿ ಗಂಟೆಗೆ ಮೂವತ್ತು ಚಿಲ್ಲರೆ ಕೈಗಳಷ್ಟೇ (ಎಲೆ ಹಂಚಿದಾಗಿನಿಂದ ಪಾಟ್ ಗೆಲ್ಲುವವರೆಗೆ ಒಂದು ಕೈ). ಏರಿಳಿತ (ಸರಾಸರಿಯಿಂದ ಆಚೀಚೆ ಸರಿಯುವುದು) ಮಾತ್ರ ಗಂಟೆಗೆ ಸುಮಾರು 10 ದೊಡ್ಡ ಬೆಟ್; ಅದು ಗಂಟೆಗಳ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುವುದರಿಂದ 100 ಗಂಟೆಗೆ 100. ಹಾಗಾಗಿ ಗಂಟೆಗೆ ಒಂದು ಬೆಟ್ ಗೆಲ್ಲಬಲ್ಲ ಗಟ್ಟಿ ಆಟಗಾರನೂ ಸುಮಾರು ಆರರಲ್ಲಿ ಒಂದು ಸಲ 100 ಗಂಟೆ ಆಡಿ ಸೋತೇ ಏಳುತ್ತಾನೆ.

ಮೇಲಿನ ಟೇಬಲ್‌ನಲ್ಲಿ ಸಾಮಾನ್ಯವಾಗಿ ಫ್ಲಾಪ್ ನೋಡುವವರು ಇಬ್ಬರು, ಮೂವರು. ಎಲೆ ಕೂಡಿಬಂದರೂ ದುಡ್ಡು ಕೊಡುವವರು ಕಡಿಮೆ, ಹಾಗಾಗಿ ಒಂದೇ ಸೂಟ್‌ನ (ಇಸ್ಪೀಟ್, ಆಟೀನ್ ಮುಂತಾದ ಒಂದೇ ಗುರುತಿನ) 8-7 ಹಿಡಿದು ಸುಮ್ಮನೆ ಕಾಲ್ ಮಾಡುವ (ಎದುರಿನ ಬೆಟ್‌ಗೆ ಸಮ ಹಾಕುವ) ಚಟ ಅಲ್ಲಿ ದುಡ್ಡು ತಿನ್ನುತ್ತದೆ. ಕೆಳಗೆ ನಡೆಯುತ್ತಿದ್ದ ಇನ್ನೊಂದು ತಪ್ಪು, ಬಿಗ್ ಬ್ಲೈಂಡ್ ಬಿಟ್ಟುಕೊಡುವುದು. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಬೆಟ್; 200-400ರಲ್ಲಿ ಸ್ಮಾಲ್ 100, ಬಿಗ್ 200. ಬಟನ್‌ನವನು (ಡೀಲರ್ ಸ್ಥಾನದವನು) 400ಕ್ಕೆ ರೈಸ್ ಮಾಡಿ (ಬೆಟ್ ಏರಿಸಿ), ಸ್ಮಾಲ್ ಬ್ಲೈಂಡ್‌ನವನು ಫೋಲ್ಡ್ ಆದರೆ (ಎಲೆ ಬಿಟ್ಟರೆ) ಪಾಟ್‌ನಲ್ಲಿ (ನಡುವಿನ ಒಟ್ಟು ಹಣ) 700 ಇರುತ್ತದೆ, ನೀವು ಹಾಕಬೇಕಾದ್ದು 200. ಸಾಧಾರಣ ಎಲೆಗಳಿದ್ದರೂ ಕಾಲ್ ಮಾಡಲು ಈ ದರ ಸಾಕು.

60 ದೊಡ್ಡ ಬೆಟ್, ಅಂದರೆ 24,000 ಹೋದರೆ ಹಳೇ ಟೇಬಲ್‌ಗೆ ವಾಪಸ್. ಈ ಮಿತಿಯನ್ನು ಹಡಗು ಹತ್ತುವ ಮೊದಲೇ ಬರೆದಿಡಿ.