ವಲಯ ಬದಲಾಗುವ ಮೊದಲೇ ಕಾಡಿನ ಗಡಿ ಗಟ್ಟಿಯಾಗಲಿ

ಕೃಷಿ ಜಮೀನನ್ನು ವಸತಿ ವಲಯಕ್ಕೆ ಬದಲಾಯಿಸುವ ಕೆಲಸ ಕೈಗೆ ಬಂದರೆ, ಸೈಟುಗಳ ನಕ್ಷೆಯನ್ನು ನಾನು ಕೊನೆಗೆ ಬಿಡಿಸುತ್ತೇನೆ. ಮೊದಲು ಕಾಡಿನ ಗಡಿ. ವಲಯ ಬದಲಾದ ದಿನವೇ ಜಮೀನಿನ ಬೆಲೆ ಏರುತ್ತದೆ. ಆಮೇಲೆ ಅಲ್ಲಿರುವ ಕಾಡು ಎಲ್ಲರ ಕಣ್ಣಿಗೂ ಮಾರದೆ ಉಳಿದ ಸೈಟಿನ ಹಾಗೆ ಕಾಣತೊಡಗುತ್ತದೆ.

ಒಂದು ಜಮೀನಿನ ವಿಷಯ ಹೇಳುತ್ತೇನೆ. ಮೇಲೆ ದನ ಮೇಯುವ ಬಯಲು, ಕೆಳಗೆ ಹಳ್ಳದ ಗುಂಟ ಸುಮಾರು 10 ಹೆಕ್ಟೇರ್ ಸಹಜ ಕಾಡು. ಉಪಗ್ರಹ ಚಿತ್ರ ನೋಡಿ ಗಡಿ ಎಳೆಯಲು ಆಗಲಿಲ್ಲ. ನೆಟ್ಟ ತೋಪೂ ಹಸಿರು, ಹಳೆಯ ಕಾಡೂ ಹಸಿರು. ಗಿಡಮರ ಬಲ್ಲವರೊಬ್ಬರನ್ನು ಕರೆದುಕೊಂಡು, ಯಜಮಾನರ ಜೊತೆ ಅಂಚಿನುದ್ದಕ್ಕೂ ನಡೆದೆವು. ದೊಡ್ಡ ಮರಗಳ ಬುಡದಲ್ಲಿ ಬಗ್ಗಿ ನೋಡಿದರೆ ಸಸಿಗಳೇ ಇಲ್ಲ. ಇದ್ದ ಒಂದೆರಡರ ಕುಡಿಯನ್ನೂ ದನ ಚಿವುಟಿತ್ತು. ತಲೆಯ ಮೇಲೆ ದಟ್ಟ ನೆರಳು, ಕಾಲ ಕೆಳಗೆ ಮುಂದಿನ ತಲೆಮಾರೇ ಇಲ್ಲ.

"ಕಾಡನ್ನ ಹಾಗೇ ಬಿಟ್ರೆ ಸಾಕಲ್ವಾ?" ಅಂದರು ಯಜಮಾನರು. ಸಾಲದು. ದನ ಒಳಗೆ ಹೋಗದಂತೆ ಬೇಲಿ ಹಾಕುವುದನ್ನೇ ಅರ್ಜಿಯ ಮೊದಲ ಷರತ್ತಾಗಿ ಬರೆದೆವು. ಮಳೆಗಾಲದಲ್ಲಿ ಮತ್ತೆ ಹೋಗಿ, ಆಗ ಮಾತ್ರ ಹರಿಯುವ ಸಣ್ಣ ತೊರೆಗಳನ್ನೂ ಗುರುತಿಸಿದೆವು. ಬೇಸಿಗೆಯ ಸರ್ವೆಯಲ್ಲಿ ಅವು ಸಿಗುವುದಿಲ್ಲ.

ಜಾಸ್ತಿ ವಾದ ನಡೆದದ್ದು ಅಂಚಿನ ಬಗ್ಗೆ. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ, ಮನೌಸ್ ನಗರದ ಹತ್ತಿರ, ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ 1979ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ, ತುಂಡಾದ ಕಾಡಿನ ಅಂಚಿನಿಂದ ಸುಮಾರು 100 ಮೀಟರ್ ಒಳಗಿನವರೆಗೂ ಮರಗಳು ಹೆಚ್ಚು ಸಾಯುವುದು ಕಂಡಿತು. ಗಾಳಿ ನುಗ್ಗುತ್ತದೆ, ಬಿಸಿಲು ಬೀಳುತ್ತದೆ, ಮಣ್ಣು ಒಣಗುತ್ತದೆ. ಎಲ್ಲ ಕಾಡಿಗೂ ಇದೇ ಅಳತೆ ಅಲ್ಲ. ಆದರೂ ಲೆಕ್ಕ ಹಾಕಿ ನೋಡಿ. 10 ಹೆಕ್ಟೇರ್ ಚೌಕ ಕಾಡಿನ ಒಂದೊಂದು ಬದಿ 316 ಮೀಟರ್. ಸುತ್ತಲೂ 100 ಮೀಟರ್ ಕಳೆದರೆ ನಡುವೆ ಉಳಿಯುವುದು ಒಂದೂಕಾಲು ಹೆಕ್ಟೇರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೇ ಕಾಡು 200 ಮೀಟರ್ ಅಗಲದ ಪಟ್ಟಿಯಾಗಿದ್ದರೆ ಒಳಗಾಡು ಅನ್ನುವುದೇ ಇಲ್ಲ. ಹಳ್ಳ ದಾಟುವ ರಸ್ತೆಯೊಂದು ಕರಡು ನಕ್ಷೆಯಲ್ಲಿತ್ತು. ಈ ಲೆಕ್ಕ ತೋರಿಸಿದ ಮೇಲೆ ಅದನ್ನು ಬಯಲಿನ ಕಡೆಗೆ ಸುತ್ತಿಸಿದರು.

ಮನೆಗಳ ಸಂಖ್ಯೆ ಕಡಿಮೆ ಮಾಡಲಿಲ್ಲ. ಸೈಟುಗಳನ್ನು ಚಿಕ್ಕದು ಮಾಡಿ, ಮೊದಲೇ ಉತ್ತು ಸವೆದಿದ್ದ ನೆಲದಲ್ಲಿ ಒತ್ತಾಗಿ ಕೂರಿಸಿದೆವು. ಕಾಡನ್ನು ಸೈಟಿಗಿಷ್ಟು ಅಂತ ಹಂಚಲು ನಾನು ಒಪ್ಪಲೇ ಇಲ್ಲ. ಹಂಚಿದರೆ ಒಬ್ಬೊಬ್ಬರೂ ಎರಡೆರಡು ಮರ ಕಡಿಯುತ್ತಾರೆ, ಕಾಡು ಹೋಗುತ್ತದೆ. ಇಡೀ ಕಾಡು ಒಂದೇ ತುಂಡಾಗಿ ಎಲ್ಲರ ಜಂಟಿ ಹೆಸರಿನಲ್ಲಿರಲಿ. ಕಡಿಯಬಾರದು, ಒಡೆಯಬಾರದು ಅನ್ನುವ ಕರಾರು ಹಕ್ಕುಪತ್ರದಲ್ಲೇ ನೋಂದಣಿಯಾಗಲಿ. ಮಾಲೀಕರು ಬದಲಾದರೂ ಕರಾರು ಜಮೀನಿನ ಜೊತೆಗೇ ಹೋಗುತ್ತದೆ. ಮೊದಲ ಸೈಟು ಮಾರುವ ಮುಂಚೆ ಈ ನೋಂದಣಿ ಮುಗಿದಿರಬೇಕು. "ಆಮೇಲೆ ಮಾಡೋಣ" ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಬೆಂಕಿಯ ವಿಷಯ ಬಹಳ ಜನ ಮರೆಯುತ್ತಾರೆ. ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗವನ್ನು ಸೈಟಿನೊಳಗೇ ಲೆಕ್ಕ ಹಿಡಿಯಿರಿ. ಇಲ್ಲದಿದ್ದರೆ ಮನೆ ಎದ್ದ ಮೇಲೆ ಸುರಕ್ಷತೆಯ ಹೆಸರಿನಲ್ಲಿ ಕಾಡಿನ ಮರಗಳೇ ಉರುಳುತ್ತವೆ. ರಸ್ತೆಯ ಮಳೆನೀರನ್ನೂ ನೇರವಾಗಿ ಹಳ್ಳಕ್ಕೆ ಬಿಡಲಿಲ್ಲ. ಇಂಗುಗುಂಡಿಗಳಲ್ಲಿ ತಡೆದೆವು.

ಇನ್ನು ಖರ್ಚು. ಬೇಲಿ ಮುರಿಯುತ್ತದೆ, ಕಳೆ ನುಗ್ಗುತ್ತದೆ, ಅಂಚಿಗೆ ನೆಟ್ಟ ಸ್ಥಳೀಯ ಸಸಿಗಳಿಗೆ ಆರೈಕೆ ಬೇಕು. ಪ್ರತಿ ಸೈಟಿನ ಮಾರಾಟದಿಂದ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿಸಿ, ಅದನ್ನು ಕಾಡಿನ ನಿರ್ವಹಣೆಗೆ ಮಾತ್ರ ಬಳಸಬೇಕು ಅಂತ ಅದೇ ಕರಾರಿನಲ್ಲಿ ಸೇರಿಸಿದೆವು.