ಪಕ್ಕದ ಮನೆಯ ಅಂಗಳದಡಿ ನಿಮ್ಮ ಪೈಪು: ಹಕ್ಕು ಗಟ್ಟಿಮಾಡಿಕೊಳ್ಳುವುದು ಹೇಗೆ?

ಕಾಸರಗೋಡು, ಮಂಜೇಶ್ವರ, ಹೊಸದುರ್ಗದ ಸುತ್ತ ಒಂದೇ ಜಾಗವನ್ನು ತುಂಡು ಮಾಡಿ ಕಟ್ಟಿದ ವಿಲ್ಲಾ ಸಾಲುಗಳಲ್ಲಿ ಮೂರನೇ ಮನೆಯ ಕೊಳಚೆ ನೀರು ಮೊದಲೆರಡು ಮನೆಗಳ ಅಂಗಳದಡಿಯಿಂದಲೇ ಹೊರಗೆ ಹೋಗುತ್ತದೆ. ಮನೆ ಕೊಳ್ಳುವ ದಿನ ಅದನ್ನು ಯಾರೂ ಕೇಳುವುದಿಲ್ಲ. ನಡುವಿನ ಮನೆ ಮಾರಾಟವಾಗಿ, ಹೊಸಬರು ಕಾರ್ ಶೆಡ್ಡಿಗೆ ಪಾಯ ತೋಡಿದಾಗ ರಗಳೆ ಶುರು.

ಮೊದಲು ಪೈಪ್ ಎಲ್ಲಿದೆ ಎಂದು ಪತ್ತೆ ಮಾಡಿ. ಬಣ್ಣದ ಪುಡಿ ಕಲಸಿದ ಎರಡು ಬಕೆಟ್ ನೀರನ್ನು ನಿಮ್ಮ ಬಚ್ಚಲಿಗೆ ಸುರಿದು, ಚೇಂಬರ್ ಮುಚ್ಚಳಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಸಾಕು. ಗೋಡೆಯ ಒದ್ದೆ ನೋಡಿ ಸೋರಿಕೆಯ ಜಾಗ ಊಹಿಸಬೇಡಿ. ನಮ್ಮ ಮುರಕಲ್ಲಿನಲ್ಲಿ ತೂತು ಹೆಚ್ಚು. ಒಂದು ಕಡೆ ಸೋರಿದ ನೀರು ಎಷ್ಟೋ ದೂರದಲ್ಲಿ ಜಿನುಗುತ್ತದೆ.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಚಂದ ಕಾಣಲೆಂದು ಚೇಂಬರ್ ಮುಚ್ಚಳವನ್ನೇ ಮುಚ್ಚಿಬಿಡುವವರಿದ್ದಾರೆ. ಖಂಡಿತ ಬೇಡ. 1882ರ ಈಸ್‌ಮೆಂಟ್ ಕಾಯ್ದೆಯಂತೆ (ಈಸ್‌ಮೆಂಟ್ ಎಂದರೆ ನಮ್ಮ ಜಾಗದ ಅನುಕೂಲಕ್ಕೆ ಇನ್ನೊಬ್ಬರ ಜಾಗವನ್ನು ಬಳಸುವ ಹಕ್ಕು), ಒಬ್ಬರದೇ ಆಗಿದ್ದ ಜಾಗ ಪಾಲಾಗಿ ಮಾರಾಟವಾದಾಗ, ಕಣ್ಣಿಗೆ ಗುರುತು ಸಿಗುವ, ಮನೆಯ ಬಳಕೆಗೆ ಬೇಕೇ ಬೇಕಾದ ಚರಂಡಿಯ ಹಕ್ಕು ಸಾಮಾನ್ಯವಾಗಿ ಮನೆಯ ಜೊತೆಗೇ ಬರುತ್ತದೆ. ನೆಲದಡಿಯ ಪೈಪಿಗೆ ಆ ಗುರುತು ಎಂದರೆ ಮುಚ್ಚಳವೇ.

ಮುಂದಿನದು ಆಧಾರ, ಎಂದರೆ ಜಾಗದ ಕ್ರಯಪತ್ರ. ನಿಮ್ಮದರ ಜೊತೆಗೆ ಪಕ್ಕದವರ ಆಧಾರದ ನಕಲು, ಹಿಂದಿನ ಆಧಾರವನ್ನೂ ಓದಿ. ಬಾಧ್ಯತಾ ಪತ್ರದಲ್ಲಿ (ಇ.ಸಿ.) ಏನೂ ಕಾಣಲಿಲ್ಲವೆಂದು ನಿಶ್ಚಿಂತರಾಗಬೇಡಿ. ಅದರಲ್ಲಿ ನೋಂದಣಿಯಾದದ್ದು ಮಾತ್ರ ಇರುತ್ತದೆ.

ಹೆಚ್ಚಿನವರು ಎಡವುವುದು ಬರವಣಿಗೆಯಲ್ಲಿ. 'ಪೈಪ್ ಹಾಕಿಕೊಳ್ಳಿ, ನಮ್ಮದೇನೂ ಅಡ್ಡಿಯಿಲ್ಲ' ಎಂಬ ಬಾಯಿಮಾತು ಕಾನೂನಿನ ಮಟ್ಟಿಗೆ ಬರೀ ಲೈಸೆನ್ಸ್, ಎಂದರೆ ಅನುಮತಿ ಅಷ್ಟೇ, ಹಕ್ಕಲ್ಲ. ಜಾಗ ಕೈಬದಲಾದರೆ ಹೊಸ ಮಾಲೀಕರು ಅದಕ್ಕೆ ಬದ್ಧರಲ್ಲ. ಇಪ್ಪತ್ತು ವರ್ಷ ಕಳೆದರೆ ತಾನಾಗಿ ಹಕ್ಕು ಬರುತ್ತದೆ ಎಂದೂ ನಂಬಬೇಡಿ: ಅನುಮತಿ ಕೇಳಿ ಬಳಸಿದ ವರ್ಷಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಈಸ್‌ಮೆಂಟ್ ಪತ್ರವನ್ನೇ ಬರೆಸಿ. ಅದರಲ್ಲಿ ಎರಡೂ ಜಾಗಗಳ ಸರ್ವೆ ನಂಬರ್, ಪೈಪಿನ ಅಳತೆ, ಆಳ, ಗಡಿಯಿಂದ ಎಷ್ಟು ದೂರ ಎಂಬ ಲೆಕ್ಕ, ಚೇಂಬರ್ ಗುರುತಿಸಿದ ಸ್ಕೆಚ್ ಇರಲಿ. 'ಕೊಳಚೆ ನೀರಿಗೆ ಮಾತ್ರ' ಎಂದೋ 'ಮಳೆ ನೀರಿಗೂ' ಎಂದೋ ಬಿಡಿಸಿ ಬರೆಯಿರಿ. ಆಟಿ ತಿಂಗಳಲ್ಲಿ ತಾರಸಿ ನೀರೂ ಅದೇ ಪೈಪಿಗೆ ನುಗ್ಗಿದರೆ ಮೊದಲು ಉಕ್ಕುವುದು ಕೆಳಗಿನ ಮನೆಯ ಚೇಂಬರ್. ಪೈಪಿನ ಮೇಲೆ ಎರಡು ಅಡಿ ಅಗಲಕ್ಕೆ ಕಾಂಕ್ರೀಟ್ ಕಟ್ಟಡ ಬರಬಾರದು ಎಂಬ ಷರತ್ತನ್ನು ನಾವಂತೂ ಬಿಡುವುದಿಲ್ಲ. ಖರ್ಚಿನ ಪಾಲನ್ನು ಪ್ರತ್ಯೇಕವಾಗಿ ನಮೂದಿಸಿ. ಏನೂ ಬರೆಯದಿದ್ದರೆ ರಿಪೇರಿಯ ಖರ್ಚು ಪೈಪ್ ಬಳಸುವವರದ್ದೇ. ಜಾಗ ಕೊಟ್ಟವರು ಪೈಸೆ ಹಾಕಬೇಕಿಲ್ಲ. ಛಾಪಾ ಕಾಗದದಲ್ಲಿ ಸಹಿ ಮಾಡಿ ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ನೆರೆಯವರ ಸುರಂಗದಿಂದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ತೋಟಕ್ಕೆ ನೀರು ತರುವ ಪೈಪಿಗೂ ಹೀಗೆಯೇ ಪತ್ರ ಬೇಕು.

ರಿಪೇರಿಗೆ ಪಕ್ಕದ ಜಾಗಕ್ಕೆ ಇಳಿದು ಅಗೆಯುವ ಹಕ್ಕು ನಿಮಗಿದೆ, ಆದರೆ ನೆಲವನ್ನು ಮೊದಲಿನಂತೆ ಮಾಡಿಕೊಡಬೇಕು. ನೀವು ರಿಪೇರಿ ಮಾಡಿಸದೆ ಅವರ ಗೋಡೆ ಹಾಳಾದರೆ ಪರಿಹಾರವೂ ನಿಮ್ಮ ತಲೆಗೇ. 110 ಮಿ.ಮೀ. ಪೈಪಿಗೆ 60 ಅಡಿಗೆ ಒಂದು ಅಡಿ ಇಳಿಜಾರು, ತಿರುವಿನಲ್ಲೆಲ್ಲ ಚೇಂಬರ್. ನೆಲದಡಿಗೆ ಐಎಸ್ 15328 ಎಂದು ಅಚ್ಚಾದ ಪೈಪನ್ನೇ ಕೇಳಿ. ಅಚ್ಚಿಲ್ಲದ ತೆಳು ಪೈಪ್ ಕಾರಿನ ಭಾರಕ್ಕೆ ಚಪ್ಪಟೆಯಾಗುತ್ತದೆ.

ಹೊಸ ವಿಲ್ಲಾವಾದರೆ ಸ್ವಂತ ದುಡ್ಡು ಹಾಕುವ ಮೊದಲು ಸ್ವಾಧೀನದ ದಿನಾಂಕ ನೋಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ಬರುವ ಯೋಜನೆಗಳಲ್ಲಿ ಐದು ವರ್ಷದೊಳಗೆ ಕಂಡ ಕಾಮಗಾರಿಯ ದೋಷವನ್ನು ದೂರು ಕೊಟ್ಟ 30 ದಿನದಲ್ಲಿ ಬಿಲ್ಡರ್ ಉಚಿತವಾಗಿ ಸರಿಪಡಿಸಬೇಕು.

ಪಕ್ಕದವರು ಪೈಪಿಗೆ ಸಿಮೆಂಟ್ ತುಂಬಿದರೋ, ಮೇಲೆ ಗೋಡೆ ಎಬ್ಬಿಸಿದರೋ, ಹಾರೆ ಹಿಡಿದು ಹೋಗಬೇಡಿ. ತಡೆಯನ್ನು ತಾವೇ ಒಡೆದು ತೆಗೆಯುವ ಅಧಿಕಾರವನ್ನು ಈಸ್‌ಮೆಂಟ್ ಕಾಯ್ದೆ ಯಾರಿಗೂ ಕೊಟ್ಟಿಲ್ಲ. ಫೋಟೊ ತೆಗೆದು, ವಕೀಲರ ಮೂಲಕ ನೋಟಿಸ್ ಕಳಿಸಿ, ಮುನ್ಸಿಫ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿ. ಇಪ್ಪತ್ತು ವರ್ಷದ ಬಳಕೆಯನ್ನೇ ನಂಬಿದವರು ತಡೆ ಬಿದ್ದ ಎರಡು ವರ್ಷದೊಳಗೆ ದಾವೆ ಹೂಡಿರಬೇಕು.