ಮಡಿಯಲ್ಲಿ ಮೆಂತ್ಯ, ಬುಟ್ಟಿಯಲ್ಲಿ ಕಾವು: ಒಂದೇ ಹಿತ್ತಲಿನಲ್ಲಿ ಕಾಯಿಪಲ್ಯ, ಕೋಳಿ

ಕಲಬುರಗಿಯ ಸುತ್ತಲಿನ ಊರುಗಳಲ್ಲಿ ಮನೆಯ ಹಿಂದೆ ಒಂದಿಷ್ಟು ಜಾಗವಿದ್ದರೆ ಅಲ್ಲಿ ತಪ್ಪಲಪಲ್ಯ ಹಾಕುವುದೂ ನಾಲ್ಕಾರು ಕೋಳಿ ಸಾಕುವುದೂ ಹೊಸ ಸಂಗತಿಯಲ್ಲ. ಎರಡನ್ನೂ ಒಟ್ಟಿಗೆ ನಡೆಸುವಾಗ ಮಾತ್ರ ಮೊದಲು ಯಾವುದು, ಆಮೇಲೆ ಯಾವುದು ಎಂಬುದನ್ನು ತಪ್ಪಬಾರದು. ನಮ್ಮ ಮನೆಯಲ್ಲಿ ಕೋಳಿಗಳು ಬಂದ ಮೇಲೆ ಬೇಲಿ ಹಾಕಿದರಾಯಿತು ಎಂದುಕೊಂಡಿದ್ದೆವು. ಆಗಷ್ಟೇ ಎರಡೆಲೆ ಒಡೆದಿದ್ದ ಮೆಂತ್ಯದ ಮಡಿಯನ್ನು ಐದು ಹೇಂಟೆಗಳು ಒಂದೇ ಬೆಳಗಿನಲ್ಲಿ ಬುಡಮೇಲು ಕೆದರಿದವು. ಅಂದಿನಿಂದ ನಾನು ಹಿಡಿದಿರುವ ಕ್ರಮ ಇದು: ಮೊದಲು ಬೇಲಿ, ನಂತರ ಮಡಿ, ಕೊನೆಗೆ ಕೋಳಿ.

ಬೇಲಿಗೆ ನಮ್ಮಲ್ಲಿ ಹಣ ಸುರಿಯಬೇಕಾಗಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆಯನ್ನು ತಂದು, ಬೆರಳು ನುಸುಳದಷ್ಟು ಒತ್ತೊತ್ತಾಗಿ ಐದಡಿ ಎತ್ತರದ ತಟ್ಟಿ ಕಟ್ಟಿ, ಬುಡವನ್ನು ಅರ್ಧ ಅಡಿ ಮಣ್ಣಿನಲ್ಲಿ ಹೂಳಿದರೆ ಕೋಳಿ ಈಚೆ ಬರುವುದಿಲ್ಲ, ಮುಂಗುಸಿ ಸುಲಭವಾಗಿ ಆಚೆ ಹೋಗುವುದಿಲ್ಲ. ಹಿತ್ತಲಿನ ಮೂರರಲ್ಲಿ ಎರಡು ಪಾಲು ಮಡಿಗಳಿಗೆ, ಒಂದು ಪಾಲು ಕೋಳಿಗಳಿಗೆ ಬಿಡುವುದು ಒಳ್ಳೆಯದು.

ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ನೀರನ್ನು ಹಿಡಿದುಕೊಂಡು ಬೇರನ್ನು ಕೊಳೆಸುತ್ತದೆ. ಆದ್ದರಿಂದ ಮಡಿಯನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ, ಮರಳನ್ನೂ ಕಳಿತ ಗೊಬ್ಬರವನ್ನೂ ಬೆರೆಸಿ, ಎರಡೂ ಬದಿಯಿಂದ ಕೈಗೆ ಎಟಕುವಂತೆ ಮೂರಡಿ ಅಗಲಕ್ಕೆ ಸೀಮಿತಗೊಳಿಸಬೇಕು. ಮೆಂತ್ಯ, ಸಬ್ಬಸಗಿ, ರಾಜಗಿರಿಗಳನ್ನು ಒಂದೇ ದಿನ ಇಡೀ ಮಡಿಗೆ ಬಿತ್ತಬಾರದು. ಹತ್ತು ದಿನಕ್ಕೊಮ್ಮೆ ಎರಡು ಗೇಣಿನಷ್ಟು ಪಟ್ಟಿ ಬಿತ್ತುತ್ತ ಹೋದರೆ, ಮೆಂತ್ಯ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುವುದರಿಂದ, ಮನೆಗೆ ವಾರವಾರವೂ ಎಳೆ ತಪ್ಪಲ ಸಿಗುತ್ತದೆ. ಪುಂಡಿ, ಬೆಂಡೆ, ಚವಳಿ, ಬದನೆಗಳಿಗೆ ಬೇರೆ ಮಡಿ ಇರಲಿ.

ಕೊಯ್ಲಿನ ಹೊತ್ತು

ಕೊಯ್ಯುವುದು ಬೆಳಗಿನ ಬಿಸಿಲೇರುವ ಮುನ್ನ. ಬೆಂಡೆಯನ್ನು ದಿನ ಬಿಟ್ಟು ದಿನ ಕೀಳದಿದ್ದರೆ ನಾರಾಗುತ್ತದೆ. ಉಗುರು ಸುಲಭವಾಗಿ ಇಳಿಯುವಾಗಲೇ ಹೀರೇಕಾಯಿಯನ್ನು ಕೊಯ್ಯಬೇಕು. ಬದನೆಯ ಗಿಡದಲ್ಲಿ ತುದಿ ಬಾಡಿ ಜೋತು ಬಿದ್ದಿದ್ದರೆ ಅದನ್ನು ಒಂದು ಗೇಣು ಕೆಳಗೆ ಕತ್ತರಿಸಿ, ಉಗುರಿನಿಂದ ಸೀಳಿ ನೋಡಿ: ಟೊಳ್ಳಾದ ದಂಟಿನೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ನಸುಗೆಂಪು ಬಣ್ಣದ ಹುಳು ಮಲಗಿರುತ್ತದೆ. ಅದೇ ಮುಂದೆ ಕಾಯಿಯನ್ನು ಕೊರೆಯುವ ಹುಳು. ಸೀಳಿದ ದಂಟನ್ನು ತಟ್ಟಿಯ ಆಚೆ ಎಸೆದರೆ ಕೋಳಿಗಳು ಹುಳುವನ್ನು ಹೆಕ್ಕಿ ತಿನ್ನುತ್ತವೆ. ವಾರಕ್ಕೆ ಎರಡು ಸಲ ತಪ್ಪದೆ ಹೀಗೆ ಮಾಡಿದರೆ ಬದನೆಗೆ ಔಷಧ ಹೊಡೆಯುವ ಪ್ರಸಂಗ ಬಹಳ ಕಡಿಮೆಯಾಗುತ್ತದೆ.

ಬಲಿತ ರಾಜಗಿರಿ, ಮೂಲಂಗಿಯ ಹಳದಿ ಎಲೆ, ಹುಳು ತಿಂದ ಹೀರೇಕಾಯಿ ಇವೆಲ್ಲ ಕೋಳಿಯ ಪಾಲು. ಟೊಮ್ಯಾಟೊ ಗಿಡದ ಎಲೆ, ಹಸಿರುಗಟ್ಟಿದ ಆಲೂಗಡ್ಡೆಯ ಸಿಪ್ಪೆ, ಬೂಸ್ಟು ಹಿಡಿದ ಹಿಂಡಿ ಮಾತ್ರ ಬೇಡ. ತಪ್ಪಲವೊಂದರಿಂದಲೇ ಕೋಳಿ ಮೊಟ್ಟೆ ಇಡುವುದಿಲ್ಲವಾದ್ದರಿಂದ ಮೂರು ಪಾಲು ಜೋಳದ ನುಚ್ಚಿಗೆ ಒಂದು ಪಾಲು ಶೇಂಗಾ ಹಿಂಡಿ ಸೇರಿಸಿ ಸಂಜೆ ಹಾಕಬೇಕು. ಮೊಟ್ಟೆಯ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ಕೊಟ್ಟರೆ ಸುಣ್ಣದ ಅಂಶದ ಕೊರತೆ ನೀಗುತ್ತದೆ.

ಕೋಳಿಯ ಹಿಕ್ಕೆಯನ್ನು ನೇರವಾಗಿ ಗಿಡಕ್ಕೆ ಹಾಕುವುದು ತಪ್ಪು. ಹಸಿ ಹಿಕ್ಕೆಯಲ್ಲಿ ಸಾರಜನಕ ಅತಿಯಾಗಿದ್ದು ಬೇರು ಸುಡುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣವೊಂದಿದೆ: ನಮ್ಮ ಭಾಗದಲ್ಲಿ ರೊಟ್ಟಿಯ ಜೊತೆಗೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಮೂಲಂಗಿಯನ್ನು ಹಸಿಯಾಗಿಯೇ ತಿನ್ನುತ್ತೇವೆ, ಹಸಿ ಹಿಕ್ಕೆಯಲ್ಲಿರುವ ರೋಗಾಣುಗಳು ಆ ಎಲೆಯ ಮೂಲಕ ಹೊಟ್ಟೆ ಸೇರಬಲ್ಲವು. ಗೂಡಿನ ಕಸವನ್ನು ಒಣ ಎಲೆ, ಹೊಟ್ಟಿನೊಂದಿಗೆ ಕುಣಿಯಲ್ಲಿ ಹಾಕಿ, ತೇವ ಕಾಯ್ದುಕೊಂಡು, ತಿಂಗಳಿಗೊಮ್ಮೆ ತಿರುವಿ, ಕನಿಷ್ಠ ಮೂರು ತಿಂಗಳು ಕಳಿಸಿದ ಮೇಲೆ ಗಿಡಕ್ಕೊಂದು ಹಿಡಿಯಂತೆ ಬಳಸಬೇಕು. ಬೆಳೆ ಮುಗಿದ ಮಡಿಗೆ ವಾರವೊಂದು ಕೋಳಿಗಳನ್ನೇ ಬಿಟ್ಟರೆ ಕಳೆಯನ್ನೂ ಮಣ್ಣಿನೊಳಗಿನ ಹುಳುಗಳನ್ನೂ ಅವೇ ತೆಗೆಯುತ್ತವೆ. ಆ ಮಡಿಗೆ ಮುಂದಿನ ಸಲ ಬೇಯಿಸಿ ತಿನ್ನುವ ಬದನೆಯನ್ನೋ ಚವಳಿಯನ್ನೋ ಹಾಕಿ.

ಹಿಂಡು ಬೆಳೆಸುವುದು

ಮರಿ ಮಾಡಿಸಲು ನಾಟಿ ಹೇಂಟೆಯೇ ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿ ಮೊಟ್ಟೆಯಲ್ಲಿ ನಾಟಿಯನ್ನು ಮೀರಿಸಿದರೂ ಸಾಮಾನ್ಯವಾಗಿ ಕಾವಿಗೆ ಕೂಡುವುದಿಲ್ಲ. ಅದರ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡಬಹುದು. ನಮ್ಮ ಬಿಸಿಲಿಗೆ ದೀಪಾವಳಿಯಿಂದ ಎಳ್ಳಮಾವಾಸ್ಯೆಯವರೆಗಿನ ಕಾಲ ಕಾವಿಗೆ ಪ್ರಶಸ್ತ, ಏಕೆಂದರೆ ಆಗ ಹುಟ್ಟಿದ ಮರಿಗಳಿಗೆ ಬಿರುಬೇಸಿಗೆ ಬರುವಷ್ಟರಲ್ಲಿ ರೆಕ್ಕೆಪುಕ್ಕ ಬಲಿತಿರುತ್ತದೆ. ಬೇಸಿಗೆಯಲ್ಲಾದರೆ ಕೋಣೆಯಲ್ಲಿಟ್ಟ ಮೊಟ್ಟೆಯೊಳಗೆ ಆ ಸೆಕೆಗೇ ಅರೆಬರೆ ಬೆಳವಣಿಗೆ ಶುರುವಾಗಿ ಭ್ರೂಣ ಸತ್ತುಹೋಗುತ್ತದೆ.

ವಾರದೊಳಗಿನ ಹತ್ತು ಹನ್ನೆರಡು ಮೊಟ್ಟೆಗಳನ್ನು ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಕತ್ತಲಾದ ಮೇಲೆ ಹೇಂಟೆಯನ್ನು ಕೂಡಿಸಬೇಕು. ಏಳನೆಯ ರಾತ್ರಿ, ದೀಪ ಆರಿಸಿದ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಮೊಬೈಲಿನ ಟಾರ್ಚ್ ಹಿಡಿಯಿರಿ. ಜೀವ ಹಿಡಿದಿದ್ದರೆ ಒಂದು ಕಪ್ಪು ಚುಕ್ಕೆಯೂ ಅದರಿಂದ ಜೇಡನ ಕಾಲುಗಳಂತೆ ಹರಡಿದ ಕೆಂಪು ನರಗಳೂ ಕಾಣುತ್ತವೆ, ನೋಡುತ್ತಿದ್ದಂತೆ ಚುಕ್ಕೆ ತುಸು ಅಲುಗುವುದೂ ಉಂಟು. ಎಷ್ಟು ಸಲ ನೋಡಿದರೂ ನನಗೆ ಆ ಗಳಿಗೆ ಹಳತಾಗಿಲ್ಲ. ಬರಿದಾಗಿ ಹೊಳೆಯುವ ಮೊಟ್ಟೆಗಳನ್ನು ತೆಗೆದುಬಿಡಿ. 21ನೆಯ ದಿನ ಮರಿಗಳು ಒಡೆದು ಬರುತ್ತವೆ.

ಮರಿಗಳಿಗೆ ದೊಡ್ಡ ಶತ್ರು ಕೊಕ್ಕರೆ ರೋಗ. ಹಸಿರು ಮಿಶ್ರಿತ ಬಿಳಿ ಹಿಕ್ಕೆ, ಬಾಯಿ ತೆರೆದು ಉಸಿರಾಡುವುದು, ಕುತ್ತಿಗೆ ತಿರುಚುವುದು ಅದರ ಲಕ್ಷಣಗಳು. ಬಂದ ಮೇಲೆ ಔಷಧವಿಲ್ಲ. ಐದರಿಂದ ಏಳನೆಯ ದಿನದೊಳಗೆ ಲಸೋಟಾ ಲಸಿಕೆಯ ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಿಸಿ, ಎಂಟನೆಯ ವಾರ ಇದೇ ರೋಗಕ್ಕೆ ಆರ್‌ಟುಬಿ ಎಂಬ ಲಸಿಕೆಯ ಚುಚ್ಚುಮದ್ದು ಕೊಡಿಸಬೇಕು. ಒಂದು ಸೀಸೆಯಲ್ಲಿ ಹಲವು ಹತ್ತು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ, ತೆರೆದ ಮೇಲೆ ಐಸಿನಲ್ಲಿಟ್ಟರೂ ಒಂದೆರಡು ತಾಸಿನಲ್ಲಿ ಮುಗಿಸಬೇಕಾಗುತ್ತದೆ. ಹೀಗಾಗಿ ಓಣಿಯ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ದಿನ ಹಾಕಿಸುವುದು ಲೇಸು. ಓಣಿಯ ಕೋಳಿಗಳೆಲ್ಲ ಕೂಡಿ ಮೇಯುವುದರಿಂದ ಒಂದು ಮನೆ ಬಿಟ್ಟುಹೋದರೂ ಉಳಿದವರಿಗೆ ಅಪಾಯ ತಪ್ಪುವುದಿಲ್ಲ. ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಿ.

ಹಿಂಡು ಬೆಳೆಯುವುದನ್ನು ನೋಡುವುದು ಸಂತೋಷ, ಆದರೆ ಒಂದು ಗುಂಟೆಯ ಹಿತ್ತಲಿಗೆ ಹದಿನೈದು ದೊಡ್ಡ ಕೋಳಿ ದಾಟಬಾರದೆಂಬುದು ನನ್ನ ಅನುಭವದ ಲೆಕ್ಕ. ಅದರಾಚೆಗೆ ನೆಲ ಬರಿದಾಗುತ್ತದೆ, ವಾಸನೆ ನೆರೆಮನೆಗೆ ಮುಟ್ಟುತ್ತದೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು; ಉಳಿದ ಹುಂಜಗಳನ್ನು ಐದಾರು ತಿಂಗಳಿಗೆ ಮಾರಬಹುದು. ವರ್ಷಕ್ಕೊಮ್ಮೆ ಬೇರೆ ಊರಿನ ಹುಂಜವನ್ನು ಬದಲಾಯಿಸಿ ತಂದರೆ ರಕ್ತಸಂಬಂಧದಿಂದ ಹಿಂಡು ಬಡವಾಗುವುದು ತಪ್ಪುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಗೂಡಿನ ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿ ನೀರು ಚಿಮುಕಿಸಿ, ನೆರಳಿನಲ್ಲಿ ಮಣ್ಣಿನ ಪಾತ್ರೆ ಇಟ್ಟು ದಿನಕ್ಕೆ ಮೂರು ಸಲ ನೀರು ಬದಲಾಯಿಸಿ. ಪರಸಿ (ಚಪ್ಪಡಿ ಕಲ್ಲು) ಹಾಸಿದ ಅಂಗಳ ಮಧ್ಯಾಹ್ನ ಕಾದ ಹಂಚಿನಂತಾಗುವುದರಿಂದ ಆ ಹೊತ್ತಿಗೆ ಕೋಳಿಗಳನ್ನು ಮಣ್ಣಿನ ನೆಲದಲ್ಲೇ ಇರಿಸಿ. ಅಷ್ಟರಲ್ಲಿ ಕುಣಿಯ ಗೊಬ್ಬರ ಕಳಿತಿರುತ್ತದೆ. ಅದನ್ನು ತೆಗೆದು ಮಡಿಗಳಿಗೆ ಬೆರೆಸಿಟ್ಟು, ಮೃಗಶಿರ ಮಳೆ ಬಿದ್ದು ಮಣ್ಣು ಹದವಾದ ದಿನ ಪುಂಡಿಯ ಬೀಜ ಚೆಲ್ಲಿ.